ವಲ್ಲಿಯ ಕೆಳಗಿನ ತಳ

ಎರೆಹಾಳದ ದನದ ಸಂತೆಯಲ್ಲಿ ಮನುಷ್ಯರ ಅಂಗೈ ಬೆವರು ಮಾರಾಟಕ್ಕೆ ಬಂದ ವರ್ಷ, ದನಗಳು ಮಾರಾಟಕ್ಕೆ ಬರುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಆಳಿಲ್ಲದ ಟ್ರ್ಯಾಕ್ಟರುಗಳು ತಮ್ಮಷ್ಟಕ್ಕೆ ತಾವೇ ಎರೆಹೊಲಗಳನ್ನು ಉಳುತ್ತಿದ್ದವು. ಎತ್ತು ಕಟ್ಟುವ ಮನೆಗಳು ಬೆರಳೆಣಿಕೆಗೆ ಇಳಿದಿದ್ದವು. ಸಂತೆಯ ಕಟ್ಟೆಗೆ ಹಳೆಯ ದಲ್ಲಾಳಿಗಳು ಮಾತ್ರ ರೂಢಿ ತಪ್ಪದೆ ಬರುತ್ತಿದ್ದರು. ಬೇವಿನ ನೆರಳಿಗೆ ಕುಂಡೆಯೂರಿ, ಎಲೆಅಡಿಕೆ ಜಗಿದು, ಸತ್ತುಹೋದ ಎತ್ತುಗಳ ಸುಳಿ ಹಲ್ಲುಗಳ ಬಗ್ಗೆ ಜಗಳಾಡಿ ಮನೆಗೆ ಹೋಗುತ್ತಿದ್ದರು.

ಅವರಲ್ಲಿ ಫಕ್ಕೀರಪ್ಪನದು ಎತ್ತಿದ ಕೈ. ಎರಡು ಜಿಲ್ಲೆಯ ದನದ ವ್ಯಾಪಾರ ಅವನ ಹೆಗಲ ಮೇಲಿನ ವಲ್ಲಿಯ ಕೆಳಗೇ ಮುಗಿದದ್ದುಂಟು. ಅಲ್ಲಿಯ ಪದ್ಧತಿಯೇ ಹಾಗೆ. ಕೊಳ್ಳುವವನೂ ದಲ್ಲಾಳಿಯೂ ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ವಲ್ಲಿಯ ಬಟ್ಟೆ ಮುಚ್ಚುತ್ತಾರೆ, ಒಂದು ಬೆರಳಿಗೆ ಇಂತಿಷ್ಟು ಎಂದು ಒತ್ತಿ ಬೆಲೆ ಹೇಳುತ್ತಾರೆ. ಬಾಯಿ ಮಾತ್ರ ಮಳೆ ಬೆಳೆಯ ಸುದ್ದಿ ಆಡುತ್ತಿರುತ್ತದೆ. ಒಬ್ಬ ಹಿಡಿದ ಬೆಲೆಯನ್ನು ಇನ್ನೊಬ್ಬನಿಗೆ ಹೇಳುವ ದಲ್ಲಾಳಿಯನ್ನು ಸಂತೆಯ ಜನ ಕಟ್ಟೆ ಹತ್ತಗೊಡುತ್ತಿರಲಿಲ್ಲ. ಫಕ್ಕೀರಪ್ಪನ ಅಂಗೈ ಕಲ್ಲಿನಂಥದು ಎಂದು ಹೆಸರಾಗಿತ್ತು. ಅದರಿಂದ ಯಾರೂ ಏನೂ ತಿಳಿದವರಿಲ್ಲ. ಈ ಹೆಸರು ಅವನ ತಲೆಗೇರಿ ಬಹಳ ವರ್ಷಗಳಾಗಿದ್ದವು. ಹಲ್ಲು ಹಿಡಿದು ನೋಡದೆ ಎತ್ತು ಕೊಳ್ಳುವವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಾಗೆ ನೋಡಿದರೆ ಆ ಕಾಲದಲ್ಲಿ ಅವನ ಲೆಕ್ಕಕ್ಕೆ ಸಿಗುವ ಮನುಷ್ಯರು ತಾಲೂಕಿನಲ್ಲೇ ಉಳಿದಿರಲಿಲ್ಲ.

ಏಕೆಂದರೆ ತಾಲೂಕಿಗೆ ತಾಲೂಕೇ ಕವಡಿ ಕೊಳ್ಳುತ್ತಿತ್ತು.

ಕವಡಿ ಎಂಬುದು ಕಂಪ್ಯೂಟರಿನೊಳಗಿನ ನಾಣ್ಯ. ಕೈಗೆ ಸಿಗುವುದಿಲ್ಲ, ಕಚ್ಚಿ ನೋಡಲು ಬರುವುದಿಲ್ಲ. ಒಂದು ದಿನ ಮುಗಿಲು ಮುಟ್ಟಿದರೆ ಮರುದಿನ ಹಾಳುಬಾವಿಗೆ ಬೀಳುತ್ತದೆ. ಇದಕ್ಕೆ ಹೆಸರಿಟ್ಟ ದೊಡ್ಡ ಊರಿನ ಜಾಣರಿಗೆ, ಕವಡೆಕಾಸಿನ ಕಿಮ್ಮತ್ತಿಲ್ಲ ಎಂದು ಜನ ಯಾವುದಕ್ಕೆ ಹೇಳುತ್ತಾರೆ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದ ಎರೆಹಾಳದವರೂ ಮೊದಲ ವಾರ ನಕ್ಕು ಎರಡನೆಯ ವಾರ ಕೊಂಡರು. ಗೋಡೆಗೋಡೆಗೆ ‘ಬಿದ್ದಾಗ ಹಿಡಿ, ಎದ್ದಾಗ ನಡಿ’ ಎಂದು ಬರೆಸಿದ್ದರು. ಬೆಲೆ ಇಳಿದಾಗ ಕೊಳ್ಳಬೇಕು, ಏರಿದಾಗ ಮಾರಬೇಕು, ಇಷ್ಟೇ ವಿದ್ಯೆ. ಬೆಲೆ ಕುಸಿದ ದಿನ ಹಿಂದೆ ಜನ ತಲೆಯ ಮೇಲೆ ಕೈ ಹೊತ್ತು ಕೂಡುತ್ತಿದ್ದರು. ಈಗ ಪೇಢೆ ಹಂಚುತ್ತಿದ್ದರು. ‘ಬಿತ್ತಂತ್ರೀ, ಬಿತ್ತಂತ!’ ಎಂದು ಮದುವೆ ಮನೆಯವರಂತೆ ಓಣಿಯಲ್ಲಿ ಓಡಾಡುತ್ತಿದ್ದರು.

ತೊಡಕು ಒಂದೇ. ಬಿದ್ದದ್ದು ಪೂರ್ತಿ ಬಿದ್ದಿತೋ, ಇನ್ನೂ ಬೀಳುವುದಿದೆಯೋ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ತಿಳಿಸಿಕೊಡುತ್ತೇವೆಂದು ‘ತಳಸ್ಪರ್ಶಿ’ ಎಂಬ ಕಂಪನಿ ಬಂದು ಸಂತೆಯ ಖಾಲಿ ಶೆಡ್ಡನ್ನು ಬಾಡಿಗೆಗೆ ಹಿಡಿಯಿತು. ಗೂಟಗಳನ್ನು ಕಿತ್ತು, ನೆಲಕ್ಕೆ ಫರಸಿ ಹಾಕಿಸಿ, ಗೋಡೆಯಷ್ಟು ದೊಡ್ಡ ಪರದೆಗಳನ್ನು ತೂಗುಹಾಕಿತು. ಎಷ್ಟು ತೊಳೆದರೂ ಸಗಣಿಯ ವಾಸನೆ ಹೋಗಲಿಲ್ಲ. ಕೊನೆಗೆ ಕಂಪನಿಯವರೇ ಅದಕ್ಕೆ ಒಗ್ಗಿಕೊಂಡರು.

ಅವರ ಯಂತ್ರದ ಮರ್ಮ ಸರಳವಾಗಿತ್ತು. ಬೆಲೆ ಬೀಳುವಾಗ ಇಟ್ಟುಕೊಂಡವರು ಅಂಜುತ್ತಾರೆ. ಅಂಜಿದವನ ಅಂಗೈ ಬೆವರುತ್ತದೆ. ಹುಣಸೆ ಎಲೆಯಷ್ಟು ತೆಳ್ಳಗಿನ ಒಂದು ಬಿಲ್ಲೆಯನ್ನು ಅಂಗೈಗೆ ಅಂಟಿಸಿದರೆ, ಬೆವರಿನ ಉಪ್ಪಿನಲ್ಲಿ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯಿತು ಎಂಬುದರಿಂದ ಅಂಜಿಕೆಯ ಅಳತೆ ಸಿಗುತ್ತದೆ. ಅಂಜಿದವರೆಲ್ಲ ಮಾರಿ ಕೈತೊಳೆದುಕೊಂಡ ಮೇಲೆ ಅಂಜುವವರೇ ಉಳಿಯುವುದಿಲ್ಲ, ಅಂಗೈಗಳು ಒಣಗುತ್ತವೆ. ಆ ಗಳಿಗೆಯೇ ತಳ. ಯಂತ್ರ ‘ತಳ’ ಎಂದು ಕೂಗಿದ ತಕ್ಷಣ, ಚಂದಾ ಕಟ್ಟಿದ ಗಿರಾಕಿಗಳೆಲ್ಲರ ಹಣದಿಂದ ತಾನೇ ಕವಡಿ ಕೊಳ್ಳುತ್ತದೆ.

ಇದಕ್ಕೆ ಬೇಕಾದದ್ದು ಅಂಜುವ ಮಂದಿ. ಕಂಪನಿಯವರು ಅವರನ್ನು ‘ಭಯದಾನಿಗಳು’ ಎಂದು ಕರೆದರು, ರಕ್ತದಾನಿಗಳು ಎಂದ ಹಾಗೆ. ಮೊದಲು ಹರೆಯದ ಹುಡುಗರನ್ನು ಕೂಡಿಸಿ ನೋಡಿದರು. ಅವರ ಅಂಗೈಗಳು ಒಣಗುವ ಮಾತೇ ಇರಲಿಲ್ಲ. ಫೋನಿನ ಚಾರ್ಜು ಇಳಿದರೂ ಬೆವರುತ್ತಿದ್ದವು. ಅಪರೂಪಕ್ಕೆ ಅಂಜುವ, ಅಂಜಿದರೆ ಖರೇವಂದರೂ ಅಂಜುವ ಕೈಗಳು ಬೇಕಾಗಿದ್ದವು. ಹೊರಗೆ ಬೇವಿನ ಗಿಡದ ಕೆಳಗೆ ಅಂಥವು ಒಂದು ಸಾಲೇ ಕೂತಿದ್ದವು.

ಫಕ್ಕೀರಪ್ಪನ ಪರೀಕ್ಷೆ ಮಾಡಿದವಳು ಋತುಜಾ. ಬೆಳಗಾವಿಯ ಕಡೆಯ ಹುಡುಗಿ, ಕಂಪನಿಯ ಇಂಜಿನಿಯರು. ಅವನ ಅಂಗೈಗೆ ಬಿಲ್ಲೆ ಅಂಟಿಸಿ ಪರದೆಯ ಮುಂದೆ ಕೂಡಿಸಿದಳು.

“ಅಜ್ಜಾರ, ನಿಮ್ಮ ಮನಿ ಹೋತು ಅಂತ ತಿಳ್ಕೋರ್ರಿ.”

“ಅದನ್ನ ನಮ್ಮ ಅಣ್ಣತಮ್ಮರು ಎಂದೋ ನುಂಗಿ ನೀರ ಕುಡದಾರ ತಂಗಿ. ಈಗಿರೂದು ಹೇಣ್ತಿ ಖಾನಾವಳಿ ಹಿಂದಿನ ಖೋಲಿ.”

ಪರದೆಯ ಮೇಲಿನ ಗೆರೆ ಮಿಸುಕಲಿಲ್ಲ.

“ಜೀವಾ ಹೋಗ್ತೈತಿ ಅಂದ್ರ?”

“ಹೋಗೂದ ಅದರ ಕೆಲಸ.”

ಋತುಜಾಗೆ ಬೇಸರ ಬಂದಿತು. ಬಿಲ್ಲೆ ಕೀಳಲು ಕೈ ಚಾಚಿ, ಮಾತಿಗೆಂದು ಕೇಳಿದಳು. “ಮನ್ಯಾಗ ದನಾ ಕರಾ ಏನಾರ ಅದಾವೇನ್ರಿ?”

“ಒಂದು ಎಮ್ಮಿ ಐತಿ. ನಂದಲ್ಲ, ಹೇಣ್ತೀದು.”

ಗೆರೆ ಗಕ್ಕನೆ ಎದ್ದು ಪರದೆಯ ತುದಿ ಮುಟ್ಟಿತು. ಫಕ್ಕೀರಪ್ಪ ಅದನ್ನು ನೋಡಿದ. ಆ ಹುಡುಗಿಯೂ ನೋಡಿದಳು. ಅವನು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, “ಈ ಯಂತ್ರಕ್ಕ ಹುಚ್ಚ ಹಿಡದೈತಿ,” ಎಂದ.

ಕಂಪನಿಯ ಕರಾರು ಹೀಗಿತ್ತು. ದಾನಿ ತಾನು ಕಳೆದುಕೊಳ್ಳಲು ಅಂಜುವ ಒಂದು ವಸ್ತುವನ್ನು ಠೇವಣಿ ಇಡಬೇಕು. ಅದರ ಬೆಲೆಯಷ್ಟು ಕವಡಿ ಅವನ ಹೆಸರಿಗೆ. ವಸ್ತು ಅವನ ಮನೆಯಲ್ಲೇ ಇರಬಹುದು. ಆದರೆ ಕವಡಿ ತೀರಾ ನೆಲಕಚ್ಚಿದರೆ ವಸ್ತುವನ್ನು ಕಂಪನಿ ಹರಾಜು ಹಾಕುತ್ತದೆ. ಕೂತದ್ದಕ್ಕೆ ವಾರ ವಾರ ಪಗಾರ. ಎಮ್ಮೆಯ ಕಿವಿಯ ಬಿಲ್ಲೆ ಸರಕಾರದ ದಾಖಲೆಯಲ್ಲಿ ಫಕ್ಕೀರಪ್ಪನ ಹೆಸರಿನಲ್ಲಿತ್ತು. ಹೆಬ್ಬೆಟ್ಟು ಒತ್ತುವುದಕ್ಕೆ ಅವನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತು ಎಂಬುದು ಗೊತ್ತಿದ್ದರಿಂದಲೇ ಕೇಳಲಿಲ್ಲ.

ಅವನ ಹೆಂಡತಿ ಹುಲಿಗೆವ್ವ ಬಸ್ ಸ್ಟ್ಯಾಂಡಿನ ಎದುರು ರೊಟ್ಟಿ ಖಾನಾವಳಿ ನಡೆಸುತ್ತಿದ್ದಳು. ಖಾನಾವಳಿಗೆ ಹೆಸರು ಬಂದದ್ದು ಕೆನೆಮೊಸರಿನಿಂದ; ಮೊಸರು ಬರುತ್ತಿದ್ದದ್ದು ಕರೆವ್ವನಿಂದ. ಕರೆವ್ವ ಎಂದರೆ ಎಮ್ಮೆ. ಮಣಕ ಇದ್ದಾಗ ಹುಲಿಗೆವ್ವ ಸ್ವಂತ ದುಡಿಮೆಯಲ್ಲಿ ತಂದು ಸಾಕಿದ್ದು. ಗಂಡನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಆಕೆ ಅದರ ಜೊತೆ ಆಡಿರಬೇಕು.

ಸುದ್ದಿ ತಂದವನು ಬಸವಣ್ಣೆಪ್ಪ ಮಾಸ್ತರ. ಪೆನ್ಶನ್ ತೆಗೆದುಕೊಳ್ಳುವ ಗಣಿತದ ಮಾಸ್ತರ, ತಳಸ್ಪರ್ಶಿಯ ದೊಡ್ಡ ಚಂದಾದಾರ. ಊಟಕ್ಕೆ ಕೂತವನು ಚಟ್ನಿ ನೆಕ್ಕುತ್ತ ಹೇಳಿದ.

“ಹುಲಿಗೆವ್ವಾ, ನಿನ್ನ ಉಪಕಾರ ಮರಿಯೂದಿಲ್ಲ ನೋಡು. ನಿನ್ನ ಎಮ್ಮಿ ನಂಬಿ ನಾ ಪೆನ್ಶನ್ ಪೂರಾ ಕವಡಿಗೆ ಹಾಕೇನಿ.”

ರೊಟ್ಟಿ ಬಡಿಯುವ ಸದ್ದು ನಿಂತಿತು. “ನನ್ನ ಎಮ್ಮೀಗೂ ನಿಮ್ಮ ಕವಡೀಗೂ ಏನ ಸಮ್ಮಂದ್ರಿ ಮಾಸ್ತರ?”

ಮಾಸ್ತರ ಪಾಠ ಹೇಳುವ ಹುರುಪಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ. ಆಕೆ ಕೇಳಿದಳು. ಆಮೇಲೆ ಮತ್ತೆ ರೊಟ್ಟಿ ಬಡಿದಳು. ಆ ದಿನದ ರೊಟ್ಟಿಗಳು ಕಾಗದದಷ್ಟು ತೆಳ್ಳಗಾದವು ಎಂದು ಉಂಡವರು ಹೊಗಳಿದರು.

ಸಿಟ್ಟು ನೆತ್ತಿಗೇರಿದಾಗ ಹುಲಿಗೆವ್ವ ಗಂಡನನ್ನು ‘ದಲ್ಲಾಳ್ಯಾರ’ ಎಂದು ಬಹಳ ಮರ್ಯಾದೆಯಿಂದ ಕರೆಯುತ್ತಿದ್ದಳು. ಅವನು ಕೈಕಾಲು ತೊಳೆದು ಒಳಗೆ ಬರುತ್ತಿದ್ದಂತೆ ಅದೇ ಕೇಳಿಸಿತು.

“ಬರ್ರಿ ದಲ್ಲಾಳ್ಯಾರ. ಕುಂದರ್ರಿ. ಮಂದಿ ಎತ್ತ ಮಾರಿ ಸಾಕಾತು, ಈಗ ಹೇಣ್ತಿ ಎಮ್ಮೀಗ ಬಂತೇನ್ರಿ ಕೈ?”

“ಮಾರಿಲ್ಲಲೇ. ಠೇವಣಿ. ಎಮ್ಮಿ ಗ್ವಾದಲ್ಯಾಗ ಐತಿ, ಪಗಾರ ಕೈಯಾಗ ಬರ್ತೈತಿ. ಬಿದ್ದಾಗ ಕೊಳ್ಳಾವ್ರು ಹುಚ್ಚಮಂದಿ. ನಾ ಏನ ಕೊಂಡೇನಿ? ಸುಮ್ಮ ಕೈ ಚಾಚಿ ಕುಂದರಾವ.”

“ಹಲ್ಲ ನೋಡದ ಎತ್ತ ತಗೊಂಡಾವನ್ನ ನೀವು ಏನಂತ ಬೈತಿದ್ರಿ?”

ಅವನು ಒದ್ದೆ ಕೈಯನ್ನು ವಲ್ಲಿಗೆ ಒರೆಸಿಕೊಂಡ.

“ಇಷ್ಟ ನೆನಪಿಡ್ರಿ. ಎಮ್ಮಿ ಹೋದ ದಿನ ನೀವೂ ಅದರ ಬೆನ್ನ ಹಿಂದ ಹೋಗ್ರಿ. ಹಗ್ಗಾ ಹಿಡ್ಯಾಕ ಒಬ್ಬ ಬೇಕಲ್ಲ.”

ಶೆಡ್ಡಿನಲ್ಲಿ ದಲ್ಲಾಳಿಗಳನ್ನು ಸಾಲಾಗಿ ಕುರ್ಚಿಯ ಮೇಲೆ ಕೂಡಿಸಿ, ಅಂಗೈ ಮೇಲೆ ಮಾಡಿ ಇಟ್ಟುಕೊಳ್ಳಲು ಹೇಳುತ್ತಿದ್ದರು. ಮೊದಲ ದಿನವೇ ಅವರು ತಕರಾರು ತೆಗೆದರು. ಕೈ ಬಯಲಿಗಿಟ್ಟುಕೊಂಡು ಕೂಡುವುದು ಭಿಕ್ಷೆಯವರ ಲಕ್ಷಣ. ವ್ಯವಹಾರಸ್ಥರಿಗೆ ವಲ್ಲಿ ಬೇಕು. ಋತುಜಾ ಮೇಲಿನವರನ್ನು ಕೇಳಿದಳು. ಬಿಲ್ಲೆಗೆ ಬಟ್ಟೆ ಅಡ್ಡಬರುವುದಿಲ್ಲ, ಮುದುಕರು ಸಮಾಧಾನದಿಂದಿದ್ದರೆ ಸಾಕು ಎಂದು ಅಪ್ಪಣೆ ಬಂದಿತು. ಎಲ್ಲರ ತೊಡೆಯ ಮೇಲೂ ವಲ್ಲಿಗಳು ಹರಡಿಕೊಂಡವು.

ಮಳೆಗಾಲದುದ್ದಕ್ಕೂ ಯಂತ್ರ ಚೆನ್ನಾಗಿಯೇ ನಡೆಯಿತು. ಸಣ್ಣಪುಟ್ಟ ಇಳಿತಗಳು ಬಂದವು. ಫಕ್ಕೀರಪ್ಪನಿಗೆ ಕರೆವ್ವ ಕಣ್ಣಮುಂದೆ ಬಂದಳು. ಅಂಗೈ ಒದ್ದೆಯಾಗಿ, ಒಣಗಿ, ಯಂತ್ರ ‘ತಳ’ ಎಂದಿತು. ಕೊಂಡವರಿಗೆ ಲಾಭವಾಯಿತು. ಮಾಸ್ತರ ಬಂಗಾರದ ಚೌಕಟ್ಟಿನ ಕನ್ನಡಕ ಮಾಡಿಸಿಕೊಂಡ. ಮುನ್ನೂರು ವರ್ಷಗಳ ಸಂತೆಯ ಅನುಭವವನ್ನು ಒಂದು ಬಿಲ್ಲೆಯಲ್ಲಿ ಹಿಡಿದಿದ್ದೇವೆಂದು ಕಂಪನಿ ಜಾಹೀರಾತು ಕೊಟ್ಟಿತು. ಫಕ್ಕೀರಪ್ಪನಿಗೆ ಇವರೆಲ್ಲರನ್ನೂ ಕಂಡರೆ ಹೇಸಿಗೆ. ತಮ್ಮ ಧೈರ್ಯವಿಲ್ಲ, ತಮ್ಮ ಅಂಜಿಕೆಯೂ ಇಲ್ಲ. ಅಂಜುವುದಕ್ಕೂ ಕೂಲಿಯಾಳು ಇಟ್ಟ ಜನ. ಆ ಕೂಲಿಯಾಳು ತಾನೇ ಎಂಬುದನ್ನು ಅವನು ಯೋಚಿಸುತ್ತಿರಲಿಲ್ಲ.

ದೊಡ್ಡ ಕುಸಿತ ಬಂದದ್ದು ಹಿಂಗಾರಿ ಬಿತ್ತನೆಯ ಹೊತ್ತಿಗೆ. ಬೆಳಿಗ್ಗೆ ಶೆಡ್ಡಿನೊಳಗೆ ಕಾಲಿಡುವಷ್ಟರಲ್ಲಿ ಪರದೆಗಳೆಲ್ಲ ಕೆಂಪಾಗಿದ್ದವು. ಕವಡಿ ಬೀಳುತ್ತಿತ್ತು, ತಡೆದು ನಿಂತು ಮತ್ತೆ ಬೀಳುತ್ತಿತ್ತು, ಮೆಟ್ಟಿಲ ಮೇಲಿಂದ ಉರುಳಿದ ತಂಬಿಗೆಯ ಹಾಗೆ. ಹೊರಗೆ ಗಿರಾಕಿಗಳು ಪೇಢೆಯ ಪೊಟ್ಟಣ ಹಿಡಿದು ಜಮಾಯಿಸಿದ್ದರು. ಮಾಸ್ತರ ಕಿಟಕಿಯ ಸರಳು ಹಿಡಿದು, “ಫಕ್ಕೀರಪ್ಪಾ, ಅಂಜೋ ಮಾರಾಯಾ, ಛಲೋತ್ನ್ಯಾಗ ಅಂಜು!” ಎಂದು ಹುರಿದುಂಬಿಸುತ್ತಿದ್ದ.

ಅಂಜಲು ಫಕ್ಕೀರಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಗೈ ಕಾರಂಜಿಯಾಗಿತ್ತು. ಬೆರಳ ಸಂದಿಯಿಂದ ಇಳಿದ ಬೆವರಿಗೆ ವಲ್ಲಿಯ ಮೇಲೆ ಕಲೆ ಮೂಡತೊಡಗಿತು. ಪಕ್ಕದ ಕುರ್ಚಿಯ ದಲ್ಲಾಳಿ ಅದನ್ನು ನೋಡಿ, ಅವನ ಮುಖವನ್ನೂ ನೋಡಿ, ಮೀಸೆಯಲ್ಲೇ ನಕ್ಕ. ಕಲ್ಲಿನ ಕೈ ಕರಗುತ್ತಿದೆ.

ಆ ನಗುವನ್ನು ಫಕ್ಕೀರಪ್ಪ ಸಹಿಸಲಾರದೆ ಹೋದ. ವಲ್ಲಿಯ ಅಡಿಯಲ್ಲೇ ಎಡಗೈ ಚಾಚಿ ಅವನ ಕೈ ಹಿಡಿದ.

“ಏನ್ ನೋಡ್ತಿ? ಹಳ್ಳಿಕಾರ ಹೋರಿ ಐತಿ, ನಾಕ ಹಲ್ಲಿಂದು. ಹಿಡೀತಿ ಏನು?”

ಎಲ್ಲಿಯ ಹೋರಿ! ಆದರೆ ಆ ಮುದುಕನ ಬೆರಳುಗಳು ಎಷ್ಟೋ ವರ್ಷಗಳಿಂದ ಹಸಿದಿದ್ದವು. ಮೊದಲ ಬೆಲೆ ಹಿಡಿದುಬಿಟ್ಟ. ಫಕ್ಕೀರಪ್ಪ ತುಟಿ ಕೊಂಕಿಸಿ, “ಬಾಲದ ಬೆಲಿ ಹೇಳಿದಿ, ಹೋರೀದು ಹೇಳು,” ಎಂದ. ಅದರಾಚೆಯವನು ಕಿವಿ ನಿಮಿರಿಸಿದ. ನೋಡುನೋಡುತ್ತಿದ್ದಂತೆ ಸಾಲಿಗೆ ಸಾಲೇ ಒಬ್ಬರ ವಲ್ಲಿಯಲ್ಲಿ ಒಬ್ಬರು ಕೈ ತೂರಿಸಿ, ಇಲ್ಲದ ಹೋರಿಗೆ ಬೆಲೆ ಕಟ್ಟಲು ಕೂತಿತು. ಬಾಯಲ್ಲಿ ಬಿತ್ತನೆಯ ಮಾತು, ಕೆಳಗೆ ಬೆರಳುಗಳ ಆಟ. ಹೋರಿಗೆ ಸುಳಿ ಬಂದಿತು, ಕೋಡು ಬಂದಿತು, ತಾಯಿಯ ಹೆಸರೂ ಬಂದಿತು. ಕವಡಿಯನ್ನೂ ಎಮ್ಮೆಯನ್ನೂ ಹೊರಗಿನ ಗದ್ದಲವನ್ನೂ ಅವರು ಮರೆತರು. ವ್ಯಾಪಾರಕ್ಕೆ ಕೂತ ದಲ್ಲಾಳಿಯ ಅಂಗೈ ಬೆವರಬಾರದು. ಆ ಅಂಗೈಗಳು ಕಲಿತ ಮೊದಲ ಪಾಠವೇ ಅದು. ಒಂದೊಂದಾಗಿ ಒಣಗಿದವು.

ಯಂತ್ರ ‘ತಳ’ ಎಂದಿತು.

ಋತುಜಾ ಪರದೆಯಿಂದ ಕಣ್ಣು ತೆಗೆದು ಕುರ್ಚಿಗಳತ್ತ ನೋಡಿದಳು. ಮುದುಕರ ಕಣ್ಣುಗಳು ಮಕ್ಕಳ ಕಣ್ಣಿನ ಹಾಗೆ ಹೊಳೆಯುತ್ತಿದ್ದವು. “ಅಜ್ಜಾರ, ಏನ್ ಮಾಡಾಕತ್ತೀರಿ ನೀವು?” ಎಂದು ಚೀರಿದಳು. ಅಷ್ಟರಲ್ಲಿ ಗಿರಾಕಿಗಳೆಲ್ಲರ ಹಣ ಕವಡಿಯಾಗಿ ಮುಗಿದಿತ್ತು. ಹೊರಗೆ ಜೈಕಾರ ಎದ್ದಿತು. ಪೇಢೆ ಬಾಯಿಂದ ಗಂಟಲಿಗೆ ಇಳಿಯುವ ಮೊದಲೇ ಕವಡಿ ಮತ್ತೆ ಜಾರಿತು. ಅವರು ತಳವೆಂದುಕೊಂಡದ್ದು ಅರ್ಧ ದಾರಿಯ ಮೆಟ್ಟಿಲು. ಸಂಜೆಯ ಹೊತ್ತಿಗೆ ಅದು ಹೆಸರಿಗೆ ತಕ್ಕ ಕಿಮ್ಮತ್ತಿಗೆ ಬಂದು ಕೂತಿತ್ತು.

ಎಲ್ಲರಿಗಿಂತ ಜೋರಾಗಿ ಅತ್ತವನು ಮಾಸ್ತರ. “ನಿನ್ನ ಕೈ ನಂಬಿದ್ನೆಲ್ಲೋ!” ಎಂದು ಫಕ್ಕೀರಪ್ಪನ ಅಂಗಿ ಹಿಡಿದ.

“ಲೆಕ್ಕಾ ಕಲಿಸಿದ ಮನಷ್ಯಾ, ಕಣ್ಣೀಲೆ ಕಾಣದ್ದಕ್ಕ ನಾ ಎಂದರ ಬೆಲಿ ಕಟ್ಟೇನೇನು? ನೀವು ಕಟ್ಟಿದ್ರಿ. ಅಳ್ರಿ,” ಎಂದ ಫಕ್ಕೀರಪ್ಪ. ಹೇಳಿ, ಅಂಗಿ ಕೊಡವಿಕೊಂಡು ಹೊರಟ. ಖಾನಾವಳಿಯ ತಿರುವಿಗೆ ಬರುತ್ತಿದ್ದಂತೆ ಮಾತ್ರ ಅವನ ಕಾಲುಗಳು ನಿಧಾನವಾದವು.

ಹುಲಿಗೆವ್ವ ಬೈಯಲಿಲ್ಲ. ಎರಡು ದಿನ ಬಿಟ್ಟು, ಹರಾಜು ಯಾವಾಗ, ಯಾರು ಕೂಗುವವರು ಎಂದಷ್ಟೇ ಕೇಳಿದಳು. ಠೇವಣಿಯ ವಸ್ತುಗಳನ್ನು ಬರುವ ಸಂತೆಯ ದಿನ ಮಾರುವುದೆಂದೂ, ಎಮ್ಮೆ ಸಂತೆಯ ಪದ್ಧತಿಯಂತೆ ವಲ್ಲಿಯ ಕೆಳಗೇ ಹೋಗಬೇಕೆಂದೂ, ದಲ್ಲಾಳಿ ತಾನೇ ಎಂದೂ ಅವನು ಹೇಳಿದ. ಕಂಪನಿಗೆ ಬೇರೆ ದಲ್ಲಾಳಿ ಸಿಕ್ಕಿರಲಿಲ್ಲ. ಉಳಿದವರೆಲ್ಲ ಮುಖ ತಪ್ಪಿಸಿ ಊರು ಬಿಟ್ಟಿದ್ದರು.

“ಊರಾಗಿನ ರೊಕ್ಕಾ ಎಲ್ಲಾ ಕವಡಿ ನುಂಗೈತಿ. ಹಿಡ್ಯಾವ್ರು ಯಾರ ಅದಾರ?”

“ಮಾಂಸದ ಕಾರ್ಖಾನೆ ಏಜೆಂಟ ಒಬ್ಬ ಬರ್ತಾನಂತ.”

ಆಕೆ ಬಹಳ ಹೊತ್ತು ಒಲೆಯ ಬೂದಿ ಕೆದರಿದಳು. “ನಂದು ಒಂದೀಟು ಐತಿ. ಸುಗ್ಗ್ಯಾಗ ಜೋಳಾ ಕೊಳ್ಳಾಕ ಅಂತ ಇಟ್ಟಿದ್ದು. ಅದನ್ನ ಪೂರಾ ಸುರದ್ರ ಖಾನಾವಳಿ ಮುಚ್ಚಬೇಕು. ಅಂವ ಎಷ್ಟ ಹಿಡದ ಅನ್ನೂದು ನನಗ ಒಂದ ಮಾತ ಹೇಳ್ರಿ. ಅದರ ಮ್ಯಾಲೆ ಒಂದ ಬೆರಳ ಇಡತೀನಿ.”

ಫಕ್ಕೀರಪ್ಪ ಕತ್ತು ತಗ್ಗಿಸಿದ. “ವಲ್ಲಿ ಕೆಳಗಿನ ಮಾತು ವಲ್ಲಿ ಕೆಳಗ ಇರಬೇಕು. ಅದೊಂದ ಉಳದೈತಿ ನಂದು.”

“ಭೇಷ್ ದಲ್ಲಾಳ್ಯಾರ,” ಎಂದಳು ಹುಲಿಗೆವ್ವ. “ಎಮ್ಮಿ ಹೋದ್ರೂ ಮರ್ಯಾದಿ ಉಳೀಲಿ. ಅದನ್ನ ಹಿಂಡಿ ಮಸರ ಹೆಪ್ಪ ಹಾಕ್ರಿ.”

ಸಂತೆಯ ದಿನ ಕರೆವ್ವನನ್ನು ತಂದು ಬೇವಿನ ಗಿಡಕ್ಕೆ ಕಟ್ಟಿದರು. ಶೆಡ್ಡಿನಿಂದ ಪರದೆಗಳನ್ನು ಬಿಚ್ಚಿ ಲಾರಿಗೆ ಏರಿಸುತ್ತಿದ್ದರು. ಋತುಜಾ ವೈರು ಸುತ್ತುತ್ತಿದ್ದವಳು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಳು. ಏಜೆಂಟ ಎಮ್ಮೆಯ ಬೆನ್ನು ತೊಡೆ ಒತ್ತಿ ನೋಡಿದ. ಕೆಚ್ಚಲನ್ನು ನೋಡಲಿಲ್ಲ, ಅದರಿಂದ ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಫಕ್ಕೀರಪ್ಪನ ವಲ್ಲಿಯ ಕೆಳಗೆ ಕೈಯಿಟ್ಟು, ಬೆರಳು ಒತ್ತಿ, ಬೀಡಿ ಹಚ್ಚಿಕೊಂಡು ಬದಿಗೆ ಸರಿದ. ಬೆಲೆ ತಿಳಿದು ಫಕ್ಕೀರಪ್ಪನ ಮುಖದ ಒಂದು ಗೆರೆಯೂ ಅಲುಗಲಿಲ್ಲ.

“ಇನ್ನ ಯಾರರ ಅದಾರೇನ್ರಿ?” ಎಂದು ವಾಡಿಕೆಯಂತೆ ಕೂಗಿದ.

“ಅದೇನಿ,” ಎಂದಳು ಹುಲಿಗೆವ್ವ.

ಆ ಕಟ್ಟೆಗೆ ಹೆಂಗಸೊಬ್ಬಳು ಕೈ ಹಿಡಿಯಲು ಬಂದದ್ದು ಯಾರಿಗೂ ನೆನಪಿರಲಿಲ್ಲ. ಆಕೆ ಅವನ ವಲ್ಲಿಯನ್ನು ಸರಿಸಿ, ತನ್ನ ಸೆರಗನ್ನೇ ಅವನ ಕೈ ಮೇಲೆ ಹೊದಿಸಿದಳು. ರೊಟ್ಟಿ ಬಡಿದು ಬಡಿದು ಒರಟಾದ ಅಂಗೈ ಅವನ ಅಂಗೈಗೆ ಕೂಡಿತು.

ಅವನ ಕೈ ನೀರಾಗಿತ್ತು.

ಆಕೆ ಒಂದು ಬೆರಳು ಒತ್ತಿದಳು. ಕೈ ಹಾಗೇ ಒದ್ದೆ. ಎರಡನೆಯದು. ಬೆವರು ಇನ್ನೂ ಹರಿಯಿತು. “ಮಳಿ ಏನಂತೈತ್ರಿ ದಲ್ಲಾಳ್ಯಾರ?” ಎಂದು ಕೇಳಿದಳು, ಸಂತೆಯ ರೀತಿಯಲ್ಲೇ. ಮೂರನೆಯ ಬೆರಳು, ನಾಲ್ಕನೆಯದು. ಆಕೆಯ ಮುಖ ಬಿಗಿಯಿತು. ಜೋಳದ ಚೀಲಗಳು ಒಂದೊಂದೇ ಕಣ್ಣಮುಂದೆ ಹೋಗುತ್ತಿದ್ದಿರಬೇಕು. ಇಡೀ ಅಂಗೈ ಹಿಡಿದಳು. ಅವನ ಕೈ ಒಣಗಲಿಲ್ಲ. ಬಿಟ್ಟು, ಅದರ ಮೇಲೆ ಮತ್ತೊಂದು ಬೆರಳು ಕೂಡಿಸಿದಳು.

ತವೆಯ ಮೇಲೆ ಚಿಮುಕಿಸಿದ ನೀರಿನ ಹಾಗೆ ಅವನ ಅಂಗೈಯ ಬೆವರು ಆರಿತು.

ಹುಲಿಗೆವ್ವ ಅಲ್ಲಿಗೇ ನಿಲ್ಲಿಸಿ ಕೈ ತೆಗೆದು ಸೆರಗು ಹೊದ್ದಳು. ಅವನು ಏನನ್ನೂ ಹೇಳಿರಲಿಲ್ಲ. ಕಟ್ಟೆಯ ಮರ್ಯಾದೆಗೆ ಎಳ್ಳಷ್ಟೂ ಊನ ಬಂದಿರಲಿಲ್ಲ.

“ವ್ಯಾಪಾರ ಆತು,” ಎಂದ ಫಕ್ಕೀರಪ್ಪ, ಹೆಂಡತಿಯ ಕಡೆ ಕೈ ಮಾಡಿ. ಏಜೆಂಟ ಬೀಡಿ ಉಗುಳಿ ಹೊರಟುಹೋದ. ಬಾಗಿಲಲ್ಲಿದ್ದ ಋತುಜಾ ಸುತ್ತಿದ ವೈರನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು.

ಗುಂಪಿನಲ್ಲಿದ್ದ ಮಾಸ್ತರನಿಗೆ ತಡೆಯಲಾಗಲಿಲ್ಲ. “ಅಲ್ಲ ಹುಲಿಗೆವ್ವಾ, ಎಲ್ಲಿ ನಿಂದರಬೇಕು ಅಂತ ನಿನಗ ಹ್ಯಾಂಗ ತಿಳೀತು?”

“ಕೈ ಒಣಗಿತ್ರಿ.”

ಮಾಸ್ತರ ಬಂಗಾರದ ಕನ್ನಡಕ ಸರಿಮಾಡಿಕೊಂಡ. ಮೋರೆಯ ಮೇಲೆ ಮೆಲ್ಲಗೆ ಬೆಳಕು ಮೂಡಿತು. ಕಿಸೆಯಿಂದ ಫೋನು ತೆಗೆದ. “ಹಂಗಾದ್ರ... ಈಗ ತಳ ಮುಟ್ಟಿರಬೇಕು ಅಂತೀಯೇನು? ಕನ್ನಡಕ ಮಾರಿದ್ರ ರಾಶಿ ಕವಡಿ ಬರಬಹುದು.”

ಹುಲಿಗೆವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಹಲ್ಲಿಲ್ಲದ ಎತ್ತನ್ನು ನೋಡಿದ ಹಾಗೆ. ಮಾತಾಡುವುದಕ್ಕೂ ಲಾಯಕ್ಕಿಲ್ಲವೆಂದು ಬಿಟ್ಟು ಎಮ್ಮೆಯ ಹಗ್ಗ ಬಿಚ್ಚಿದಳು.

“ನಡಿ ಯವ್ವಾ, ಇಲ್ಲೇ ನಿಂತ್ರ ನಿನಗೂ ಒಂದ ಬಿಲ್ಲಿ ಅಂಟಸ್ತಾರ.”

ಹತ್ತು ಹೆಜ್ಜೆ ಹೋಗಿ, ತಿರುಗದೆಯೇ ದನಿ ಎತ್ತಿದಳು. “ದಲ್ಲಾಳ್ಯಾರೂ ಬರ್ರಿ. ಇನ್ನ ಮ್ಯಾಲೆ ಕಿವಿ ಬಿಲ್ಲಿ ನನ್ನ ಹೆಸರಿಗೆ. ಸಗಣಿ ನಿಮ್ಮ ಹೆಸರಿಗೆ.”

ಫಕ್ಕೀರಪ್ಪ ವಲ್ಲಿಯಿಂದ ಅಂಗೈ ಒರೆಸಿಕೊಂಡ. ಒರೆಸಿದಷ್ಟೂ ಬೆವರುತ್ತಿತ್ತು. ಅದನ್ನು ಹಾಗೇ ಹೆಗಲಿಗೆ ಹಾಕಿಕೊಂಡು, ಕರೆವ್ವನ ಬಾಲ ತಾಗದಷ್ಟು ದೂರದಲ್ಲಿ ಹಿಂದೆ ಹಿಂದೆ ನಡೆದ.